ಕಂಬಳಿಯೋ, ಚೀಲವೋ? ಅಸುಂಡಿಯ ಬಯಲಿನಲ್ಲಿ ಚಳಿಯ ಹೊದಿಕೆ

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಗದಗ ಸೀಮೆಯ ಹೊಲಗಳಲ್ಲಿ ಹಗಲು ಒಂದು ಬಗೆ, ರಾತ್ರಿ ಇನ್ನೊಂದು ಬಗೆ. ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಸೂರ್ಯ ಮುಳುಗಿದ ಒಂದೆರಡು ತಾಸಿನಲ್ಲೇ ಥಂಡಿ ನೆಲದಿಂದ ಎದ್ದು ಬಂದಂತೆ ಮೈಗೆ ಹತ್ತುತ್ತದೆ. ಗದಗ-ಬೆಟಗೇರಿ ಅವಳಿ ನಗರದ ಆಸುಪಾಸಿನ ಅಸುಂಡಿಯಂಥ ಊರುಗಳಲ್ಲಿ ಇದು ಯಾರಿಗೂ ಹೊಸದಲ್ಲ. ಹಿಂಗಾರಿ ಜೋಳ, ಕಡಲೆ, ಕುಸುಬಿ, ಗೋದಿ ನಿಂತಿರುವ ಕಾಲ ಅದು. ಬೆಳೆ ಕಾಯುವವರು, ಕಣದಲ್ಲಿ ರಾಶಿಯ ಪಕ್ಕ ಮಲಗುವವರು, ಹೊಲದಲ್ಲಿ ಕುರಿ ತರುಬಿ ಅಲ್ಲೇ ರಾತ್ರಿ ಕಳೆಯುವ ಕುರಿಗಾರರು, ಇವರಿಗೆಲ್ಲ ಆಕಾಶವೇ ಮಾಳಿಗೆ.

ಪಟ್ಟಣದವರು ಇದನ್ನೇ ಈಗ ಕ್ಯಾಂಪಿಂಗ್ ಎಂದು ಕರೆಯುತ್ತಾರೆ. ಹುಬ್ಬಳ್ಳಿ, ಗದಗ, ಬೆಂಗಳೂರಿನ ಯುವಕರು ಟೆಂಟು, ಸ್ಲೀಪಿಂಗ್ ಬ್ಯಾಗ್ ಹೊತ್ತು ಗುಡ್ಡ ಹತ್ತುವುದು, ಹಿಮಾಲಯದ ಚಾರಣಕ್ಕೆ ಹೊರಡುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಅಂಗಡಿಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆಯೂ ಹಳೆಯದೇ: ಚಳಿಗೆ ಯಾವ ಹೊದಿಕೆ? ಇಕ್ಕಟ್ಟಾಗಿ ಬಿಗಿದುಕೊಳ್ಳುವ ಚೀಲವೋ, ಕೈಕಾಲು ಚಾಚಿ ಮಲಗುವಷ್ಟು ವಿಶಾಲವಾದದ್ದೋ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಂಗಡಿಗೆ ಹೋಗುವ ಮೊದಲು ಎರೆ ಹೊಲದ ಒಡ್ಡಿನ ಮೇಲೆ ಮಲಗುವವರ ಹಾಸಿಗೆಯನ್ನು ಒಮ್ಮೆ ಗಮನಿಸುವುದು ಒಳ್ಳೆಯದು.

ಬಯಲಿನ ಥಂಡಿ ಎಂಥದ್ದು?

ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ. ಹಿಮಾಲಯದ ಲೆಕ್ಕದಲ್ಲಿ ಇದು ಚಳಿಯೇ ಅಲ್ಲ. ಆದರೆ ಬಯಲಿನಲ್ಲಿ ಮಲಗಿದವರ ಲೆಕ್ಕ ಬೇರೆ. ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಡುತ್ತದೆ. ಹುಲ್ಲು, ಎಲೆ, ಹೊದಿಕೆಯ ಮೇಲ್ಮೈ ಗಾಳಿಗಿಂತಲೂ ತಣ್ಣಗಾಗುತ್ತವೆ. ಅವುಗಳ ಮೇಲೆ ಇಬ್ಬನಿ ಕೂರುತ್ತದೆ. ಮೂಡಗಾಳಿ ಬೀಸಿದರಂತೂ ಹೊದ್ದದ್ದು ಹೊದ್ದಂತಿರದು.

ಇಬ್ಬನಿ ಎಷ್ಟು ಬೀಳುತ್ತದೆ ಎನ್ನುವುದಕ್ಕೆ ಕಡಲೆ ಹೊಲವೇ ಸಾಕ್ಷಿ. ಕಡಲೆ ಗಿಡದ ಎಲೆಗಳು ಹುಳಿ ಸೂಸುತ್ತವೆ. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹರಡಿ, ನಸುಕಿನಲ್ಲಿ ಇಬ್ಬನಿಯಿಂದ ತೊಯ್ದ ಆ ಬಟ್ಟೆಯನ್ನು ಹಿಂಡಿ ಕಡಲೆಹುಳಿ ತೆಗೆದಿಡುವ ಪದ್ಧತಿ ಈ ಭಾಗದಲ್ಲಿ ಹಿಂದಿನಿಂದ ಬಂದದ್ದು. ಒಂದು ರಾತ್ರಿಯಲ್ಲಿ ಬಟ್ಟೆ ಹಿಂಡುವಷ್ಟು ತೇವ ಬೀಳುವ ಜಾಗದಲ್ಲಿ ಮಲಗುವವನ ಹೊದಿಕೆಗೆ ಬರಿಯ ಬಿಸುಪು ಸಾಲದು, ತೇವವನ್ನೂ ತಾಳಿಕೊಳ್ಳಬೇಕು. ಚಳಿಯ ಹೊದಿಕೆ ಆರಿಸುವವರು ಮರೆಯಬಾರದ ಮೊದಲ ಮಾತು ಇದು.

ಕಂಬಳಿಯ ಗುಟ್ಟು

ಕುರಿಗಾರನ ಕಂಬಳಿ ಹೊದಿಕೆ ಮಾತ್ರವಲ್ಲ. ಮಳೆಗಾಲದಲ್ಲಿ ಒಂದು ಮೂಲೆ ಮಡಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ. ಕುಳಿತಲ್ಲಿ ಹಾಸು, ನಡೆಯುವಾಗ ಹೆಗಲ ಮೇಲಿನ ಗಂಟು. ದೇವರ ಕಾರ್ಯದಲ್ಲಿ ಅದೇ ಗದ್ದಿಗೆ. ಮೈಲಾರಲಿಂಗನ ಗೊರವಯ್ಯನ ಮೈಮೇಲೆ ಕರಿ ಕಂಬಳಿಯೇ ನಿಲುವಂಗಿ.

ಈ ಕಂಬಳಿ ಡೆಕ್ಕನಿ ತಳಿಯ ಕುರಿಯ ಉಣ್ಣೆಯದು. ಉಣ್ಣೆ ಒರಟು, ಬಹುಮಟ್ಟಿಗೆ ಕರಿ ಬಣ್ಣ. ಆದ್ದರಿಂದ ಬಣ್ಣ ಹಾಕುವ ಗೋಜಿಲ್ಲ. ಉಣ್ಣೆ ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಈ ಕಸುಬಿಗೆ ನಾಡಿನಲ್ಲೆಲ್ಲ ಹೆಸರಾದ ಊರು. ಹೊಸ ಕಂಬಳಿ ಮೈಗೆ ಚುಚ್ಚುತ್ತದೆ, ಕುರಿಯ ವಾಸನೆಯೂ ಉಂಟು. ಬಳಸಿದಂತೆಲ್ಲ ಎರಡೂ ಕಡಿಮೆಯಾಗುತ್ತವೆ.

ಉಣ್ಣೆಯ ಎಳೆ ನೇರವಾಗಿಲ್ಲ, ಗುಂಗುರಾಗಿದೆ. ಆ ಗುಂಗುರಿನ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ಬಿಸುಪು ಕೊಡುವುದು ಹೊದಿಕೆ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಬಿಸುಪು ಮೈಯದೇ; ಅದು ಸೋರಿಹೋಗದಂತೆ ತಡೆಯುವುದು ಅಲುಗಾಡದೆ ನಿಂತ ಈ ಗಾಳಿ. ಇನ್ನೊಂದು ಗುಣವೆಂದರೆ, ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ಅದು ತುಸು ಶಾಖವನ್ನೂ ಬಿಡುತ್ತದೆ. ಜೊತೆಗೆ ಬೆಂಕಿಯ ಕಿಡಿ ಸಿಡಿದರೆ ಉಣ್ಣೆ ಸುಟ್ಟು ಕರಿಯಾದೀತೇ ಹೊರತು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹಟ್ಟಿಯ ಮುಂದೆ ಬೆಂಕಿ ಹಾಕಿಕೊಂಡು ಮಲಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಕಂಬಳಿಗೆ ಗುಂಡಿ ಇಲ್ಲ, ಜಿಪ್ಪು ಇಲ್ಲ. ಇದು ಕೊರತೆ ಎನಿಸಬಹುದು. ಕುರಿಗಾರನಿಗೆ ಇದೇ ದೊಡ್ಡ ಗುಣ. ಸುತ್ತ ಬಲೆ ಕಟ್ಟಿ ಕುರಿ ನಿಲ್ಲಿಸಿದ ಹೊಲದಲ್ಲಿ ಅವನ ನಿದ್ದೆ ಅರ್ಧ ನಿದ್ದೆ. ತೋಳ ಬಂದೀತು, ಕಳ್ಳ ಬಂದಾನು. ನಾಯಿ ಒಮ್ಮೆ ಬೊಗಳಿದರೆ ಕಂಬಳಿ ಒದ್ದು, ಕೋಲು ಹಿಡಿದು ನಿಲ್ಲಬೇಕು. ಕಿವಿ ಮುಚ್ಚುವ, ಕೈ ಕಟ್ಟುವ ಹೊದಿಕೆ ಎಷ್ಟೇ ಬೆಚ್ಚಗಿದ್ದರೂ ಅವನಿಗೆ ಬೇಡ. ಒಂದು ಮರಿ ಹೋದರೆ ಆ ಚಳಿಗಾಲದ ದುಡಿಮೆಯಲ್ಲಿ ಅಷ್ಟು ಹೋದಂತೆ. ಹೊದಿಕೆ ವಿಶಾಲವಾಗಿರಬೇಕು ಎನ್ನುವುದಕ್ಕೆ ಬಯಲಿನಲ್ಲಿ ಇರುವ ಅರ್ಥ ಇದು: ಸಲೀಸಾಗಿ ಹೊರಳಬೇಕು, ತಟ್ಟನೆ ಏಳಬೇಕು.

ಚೀಲದ ಹುಟ್ಟೂ ಕಂಬಳಿಯಿಂದಲೇ

ಸ್ಲೀಪಿಂಗ್ ಬ್ಯಾಗ್ ಎಂಬುದು ಕಂಬಳಿಗೆ ಪೂರ್ತಿ ಪರಕೀಯವೇನಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಊರಿನಲ್ಲಿ ಪ್ರೈಸ್ ಪ್ರೈಸ್-ಜೋನ್ಸ್ ಎಂಬ ಉಣ್ಣೆ ಬಟ್ಟೆಯ ವ್ಯಾಪಾರಿ ಇದ್ದ. ಅಂಚೆಯ ಮೂಲಕ ಸರಕು ಮಾರುವ ವ್ಯಾಪಾರಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬ. ಆತ 1876ರಲ್ಲಿ ‘ಯುಕ್ಲೀಸಿಯಾ ರಗ್’ ಎಂಬ ಹೊದಿಕೆಗೆ ಪೇಟೆಂಟ್ ಪಡೆದ. ಅದು ಉಣ್ಣೆಯ ಕಂಬಳಿಯೇ. ಮಡಿಸಿ ಅಂಚು ಕಟ್ಟಿಕೊಂಡರೆ ಚೀಲ, ಜೊತೆಗೆ ಗಾಳಿ ತುಂಬುವ ದಿಂಬು. ರಷ್ಯದ ಸೈನ್ಯ 60,000 ರಗ್ಗುಗಳಿಗೆ ಬೇಡಿಕೆ ಕೊಟ್ಟಿತು. 1877ರಲ್ಲಿ ಪ್ಲೆವ್ನಾ ಪಟ್ಟಣದ ಮುತ್ತಿಗೆ ಮುಗಿದಾಗ ಬೇಡಿಕೆ ರದ್ದಾಗಿ, ಸಾವಿರಾರು ರಗ್ಗುಗಳು ಆತನ ಬಳಿಯೇ ಉಳಿದವು. ಮಾರುಕಟ್ಟೆಗೆ ಬಂದ ಆರಂಭದ ಮಲಗುವ ಚೀಲಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಕಂಬಳಿಯ ಎರಡು ಅಂಚು ಕೂಡಿಸಿ ಗಾಳಿ ನುಗ್ಗುವ ಸಂದು ಮುಚ್ಚಿದ್ದೇ ಅದರ ವಿಶೇಷ.

ಸಂದು ಮುಚ್ಚುವುದರಲ್ಲೂ ಒಂದು ತೊಡಕುಂಟು. 1911ರ ನಡು ಚಳಿಗಾಲದಲ್ಲಿ ಸ್ಕಾಟ್‌ನ ಅಂಟಾರ್ಕ್ಟಿಕಾ ತಂಡದ ಮೂವರು ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೊರಟರು. ಅವರ ಚೀಲಗಳು ಹಿಮಸಾರಂಗದ ಚರ್ಮದವು. ಉಸಿರು, ಬೆವರಿನ ತೇವ ಹೊರಹೋಗದೆ ಚೀಲದೊಳಗೇ ಹೆಪ್ಪುಗಟ್ಟಿ, ದಿನದಿಂದ ದಿನಕ್ಕೆ ತೂಕ ಏರಿ, ಕೊನೆಗೆ ಒಳಗೆ ನುಸುಳುವುದೇ ಹರಸಾಹಸವಾಯಿತು. ಮುಖವನ್ನೂ ಒಳಗೆ ಸೇರಿಸಿಕೊಂಡು ಮಲಗಬಾರದು ಎಂದು ಇಂದಿಗೂ ಹೇಳುವುದು ಇದೇ ಕಾರಣಕ್ಕೆ. ಅಸುಂಡಿಯಲ್ಲಿ ಉಸಿರು ಹೆಪ್ಪುಗಟ್ಟದು, ನಿಜ. ಆದರೆ ಬೆಳಗಾಗುವುದರೊಳಗೆ ಒಳಬಟ್ಟೆ ತಂಪಾಗಿರುತ್ತದೆ.

ಚೀಟಿಯ ಮೇಲಿನ ಡಿಗ್ರಿ

ಅಂಗಡಿಯ ಚೀಲಕ್ಕೆ ಅಂಟಿಸಿದ ಚೀಟಿಯಲ್ಲಿ ಡಿಗ್ರಿಗಳ ಸಾಲು ಇರುತ್ತದೆ. ಯುರೋಪಿನ ಇಎನ್ 13537, ಅದರ ನಂತರ ಬಂದ ಐಎಸ್‌ಒ 23537 ಮಾನದಂಡಗಳ ಪ್ರಕಾರ ಪರೀಕ್ಷಿಸಿದ ಚೀಲವಾದರೆ ಅಲ್ಲಿ ಮುಖ್ಯವಾಗಿ ಮೂರು ಅಂಕಿಗಳು ಕಾಣುತ್ತವೆ. ಮೊದಲನೆಯದು ‘ಕಂಫರ್ಟ್’. ಸಾಧಾರಣ ಮೈಕಟ್ಟಿನ ಹೆಂಗಸು ಆರಾಮವಾಗಿ ಮಲಗಬಹುದಾದ ಉಷ್ಣಾಂಶ ಇದು. ಎರಡನೆಯದು ‘ಲಿಮಿಟ್’. ಸಾಧಾರಣ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ನಿದ್ದೆ ಮಾಡಬಹುದಾದದ್ದು. ಮೂರನೆಯದು ‘ಎಕ್ಸ್‌ಟ್ರೀಮ್’. ಅಲ್ಲಿ ನಿದ್ದೆಯ ಮಾತೇ ಇಲ್ಲ, ಕೆಲವು ತಾಸು ಜೀವ ಉಳಿಸಿಕೊಳ್ಳುವ ಲೆಕ್ಕ. ಹಲವು ಅಗ್ಗದ ಚೀಲಗಳ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಈ ಮೂರನೆಯದೇ. ಕೊಳ್ಳುವವರು ನೋಡಬೇಕಾದದ್ದು ಮೊದಲನೆಯದನ್ನು.

ಗದಗ ಸೀಮೆಯ ಬಯಲಿಗೆ 5ರಿಂದ 10 ಡಿಗ್ರಿ ಕಂಫರ್ಟ್ ಇರುವ ಚೀಲ ಧಾರಾಳವಾಯಿತು. ಕೊಡಗು, ಚಿಕ್ಕಮಗಳೂರಿನ ಎತ್ತರದ ಗುಡ್ಡಗಳಿಗೆ 5 ಡಿಗ್ರಿಯದು ಇರಲಿ. ಹಿಮಾಲಯಕ್ಕೆ ಹೋಗುವವರು ಸೊನ್ನೆಯಿಂದ ಸಾಕಷ್ಟು ಕೆಳಗಿಳಿದದ್ದನ್ನೇ ನೋಡಬೇಕು. ಅಂಥದ್ದನ್ನು ತಂದು ಅಸುಂಡಿಯ ಹೊಲದಲ್ಲಿ ಹೊದ್ದರೆ ನಡುರಾತ್ರಿ ಬೆವರಿ, ಆ ಬೆವರೇ ಬೆಳಗಿನ ಜಾವಕ್ಕೆ ಚಳಿಯಾಗುತ್ತದೆ.

ಒಳಗೆ ತುಂಬಿರುವುದು ಏನು ಎಂಬುದೂ ಮುಖ್ಯ. ಬಾತುಕೋಳಿಯ ನವುರು ಪುಕ್ಕ ಹಗುರ, ಬೆಚ್ಚಗೆ, ಮುಷ್ಟಿಯಷ್ಟಕ್ಕೆ ಅಡಗುತ್ತದೆ. ಒದ್ದೆಯಾಯಿತೋ ಮುದ್ದೆಯಾಗಿ ಬಿಸುಪು ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ತೂಕ ಹೆಚ್ಚು, ಗಂಟು ದೊಡ್ಡದು. ತೇವದಲ್ಲಿ ಅಷ್ಟು ಬೇಗ ಸೋಲದು, ಬೆಲೆಯೂ ಕಡಿಮೆ. ಇಬ್ಬನಿ ಸುರಿಯುವ ಬಯಲಿಗೆ ಎರಡನೆಯದೇ ವಾಸಿ. ಹೊರಬಟ್ಟೆ ನೈಲಾನ್ ಆದ್ದರಿಂದ ಬೆಂಕಿಯಿಂದ ದೂರ ಇರಬೇಕು. ಒಂದು ಕಿಡಿ ಬಿದ್ದರೂ ಕರಗಿ ತೂತಾಗುತ್ತದೆ.

ವಿಶಾಲ ಎಂದರೆ ಎಷ್ಟು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮನೆಯ ಖರ್ಚಿಗೆ ಸರಿ. ಮಲಗುವ ಚೀಲ ಕೊಳ್ಳುವಾಗ ಅದನ್ನು ತಿರುಗಿಸಿ ಹಾಕಬೇಕು: ಮೊದಲು ಕಾಲು ಚಾಚಿ ನೋಡಿ, ಆಮೇಲೆ ಹಾಸಿಗೆ ಆರಿಸಬೇಕು.

ಚೀಲಗಳಲ್ಲಿ ಮುಖ್ಯವಾಗಿ ಎರಡು ಆಕಾರ. ಒಂದು, ಭುಜದಲ್ಲಿ ಅಗಲವಾಗಿ ಪಾದದ ಕಡೆ ಕಿರಿದಾಗುತ್ತ ಹೋಗುವ ‘ಮಮ್ಮಿ’. ಇನ್ನೊಂದು, ಉದ್ದಕ್ಕೂ ಒಂದೇ ಅಗಲದ ಆಯತ. ಮಮ್ಮಿ ಚೀಲ ಬೇಗ ಬೆಚ್ಚಗಾಗುತ್ತದೆ, ಹೊರಲು ಹಗುರ. ಮಗ್ಗುಲಾಗಿ ಮೊಣಕಾಲು ಮಡಿಸಿ ಮಲಗುವವರಿಗೆ ಸೆರೆಮನೆ. ಆಯತದ ಚೀಲದಲ್ಲಿ ಹೊರಳಾಟಕ್ಕೆ ಜಾಗವಿದೆ, ಜಿಪ್ಪು ಪೂರ್ತಿ ಬಿಚ್ಚಿದರೆ ರಜಾಯಿಯಂತೆ ಹೊದೆಯಬಹುದು. ಆದರೆ ಒಳಗಿನ ಖಾಲಿ ಜಾಗವನ್ನೆಲ್ಲ ಮೈ ತನ್ನ ಕಾವಿನಿಂದಲೇ ಬಿಸಿ ಮಾಡಬೇಕು, ಪ್ರತಿ ಹೊರಳಿಗೂ ಆ ಬಿಸಿ ಗಾಳಿ ಕುತ್ತಿಗೆಯ ಕಡೆಯಿಂದ ಆಚೆ ಹೋಗುತ್ತದೆ. ತೀರ ಬಿಗಿಯಾದರೂ ನಷ್ಟವೇ. ಮೊಣಕೈ, ಮೊಣಕಾಲು ಒತ್ತಿದ ಕಡೆ ಒಳತುಂಬು ಚಪ್ಪಟೆಯಾಗಿ, ಗಾಳಿ ನಿಲ್ಲಲು ಜಾಗವಿಲ್ಲದೆ ಚಳಿ ನೇರ ಮೈಗೆ ತಾಗುತ್ತದೆ.

ಹಾಗಾದರೆ ಹದ ಯಾವುದು? ರಾತ್ರಿ ಹಾಕಿಕೊಳ್ಳುವ ಸ್ವೆಟರ್ ತೊಟ್ಟು, ತೋಳುಗಳನ್ನೂ ಸೇರಿಸಿ ಭುಜದ ಸುತ್ತಳತೆ ತೆಗೆಯಬೇಕು. ಚೀಲದ ಒಳ ಸುತ್ತಳತೆ ಅದಕ್ಕಿಂತ ಒಂದೂವರೆ ಗೇಣು, ಎಂದರೆ 30-35 ಸೆಂಟಿಮೀಟರ್ ಹೆಚ್ಚಿದ್ದರೆ ಹೊರಳಲು ಸಾಕು. ದಪ್ಪ ಮೈಯವರು, ಮಗ್ಗುಲು ಬದಲಿಸುತ್ತಲೇ ಇರುವವರು ಎರಡು ಗೇಣು ಹಿಡಿಯಬಹುದು. ಉದ್ದ ತಮ್ಮ ಎತ್ತರಕ್ಕಿಂತ ಒಂದು ಗೇಣು ಹೆಚ್ಚಿರಲಿ. ಪಾದ ತುದಿಗೆ ಒತ್ತಿದರೆ ಮೊದಲು ಚಳಿ ಹತ್ತುವುದು ಹೆಬ್ಬೆರಳಿಗೆ. ವಿಶಾಲ ಚೀಲ ಬೇಕೆನ್ನುವವರು ಕುತ್ತಿಗೆಯ ಬಳಿ ಎಳೆದು ಕಟ್ಟುವ ದಾರ, ಜಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿ ಇದೆಯೇ ಎಂದು ಕಡ್ಡಾಯವಾಗಿ ನೋಡಬೇಕು. ಇವೆರಡೂ ಇದ್ದರೆ ಅಗಲ ಚೀಲದ ಅರ್ಧ ದೋಷ ನೀಗಿದಂತೆ. ಕಾಲ ಬಳಿ ಉಳಿದ ಜಾಗಕ್ಕೆ ಮರುದಿನ ಉಡುವ ಬಟ್ಟೆ ತುರುಕಿದರೆ ಉಳಿದರ್ಧವೂ ನೀಗುತ್ತದೆ, ಬೆಳಗ್ಗೆ ಬಟ್ಟೆಯೂ ಬೆಚ್ಚಗಿರುತ್ತದೆ.

ಮೊಣಕಾಲು ನೋವಿನ ಹಿರಿಯರಿಗೆ, ರಾತ್ರಿ ಎರಡು ಸಲ ಏಳುವವರಿಗೆ ಆಯತದ ಚೀಲವೇ ಸರಿ. ಜಿಪ್ಪು ಒಳಗಿನಿಂದಲೂ ಹೊರಗಿನಿಂದಲೂ ಸರಾಗವಾಗಿ ಬಿಚ್ಚಬೇಕು. ಅಂಗಡಿಯಲ್ಲೇ ಒಳಗೆ ಮಲಗಿ, ಕಣ್ಣು ಮುಚ್ಚಿ ಬಿಚ್ಚಿ ನೋಡಲು ನಾಚಿಕೆ ಬೇಡ. ಗಂಡ-ಹೆಂಡತಿ ಇಬ್ಬರೂ ಹೊರಟಿದ್ದರೆ ಒಂದಕ್ಕೆ ಎಡಗಡೆ, ಇನ್ನೊಂದಕ್ಕೆ ಬಲಗಡೆ ಜಿಪ್ಪಿರುವ ಒಂದೇ ಬಗೆಯ ಎರಡು ಚೀಲ ಕೊಂಡರೆ ಕೂಡಿಸಿ ಒಂದು ಮಾಡಬಹುದು. ಹಸುಗೂಸುಗಳನ್ನು ಮಾತ್ರ ದೊಡ್ಡವರ ಚೀಲದೊಳಗೆ ಮಲಗಿಸಬಾರದು, ಉಸಿರು ಕಟ್ಟುವ ಅಪಾಯವಿದೆ.

ಕೆಳಗೆ ಕಣಕಿ, ಮೇಲೆ ಕೌದಿ

ಹೊದಿಕೆಗೆ ಸಾವಿರಾರು ರೂಪಾಯಿ ಸುರಿದು ಬರಿ ನೆಲದ ಮೇಲೆ ಮಲಗಿ ನಡುಗುವವರು ಬಹಳ. ಮೈಭಾರಕ್ಕೆ ಚೀಲದ ಕೆಳಭಾಗ ಚಪ್ಪಟೆಯಾಗುತ್ತದೆ. ಅಲ್ಲಿಂದ ನೆಲ ಕಾವು ಹೀರುತ್ತಲೇ ಇರುತ್ತದೆ. ಈ ಸಂಗತಿ ಹೊಲದಲ್ಲಿ ಮಲಗುವವರಿಗೆ ಪುಸ್ತಕವಿಲ್ಲದೆ ಗೊತ್ತು. ಕೆಳಗೆ ಜೋಳದ ಕಣಕಿಯೋ ಒಣ ಹುಲ್ಲೋ, ಅದರ ಮೇಲೆ ತಟ್ಟು ಇಲ್ಲವೆ ಜಮಖಾನೆ, ಆಮೇಲೆ ಮೈ, ಮೇಲೆ ಕೌದಿ ಇಲ್ಲವೆ ಕಂಬಳಿ. ಕಣಕಿಯ ಟೊಳ್ಳಿನಲ್ಲಿ, ಸಂದಿನಲ್ಲಿ ನಿಂತ ಗಾಳಿ ನೆಲದ ಥಂಡಿ ತಡೆಯುತ್ತದೆ. ಚಾರಣಿಗರು ಸುತ್ತಿಕೊಂಡು ಹೋಗುವ ಫೋಮ್ ಚಾಪೆ ಮಾಡುವುದೂ ಈ ಕೆಲಸವನ್ನೇ.

ಕೌದಿಯ ಮಾತು ಬಂತು. ಹಳೆ ಸೀರೆ, ಧೋತರಗಳ ತುಂಡು ಕೂಡಿಸಿ, ಪದರದ ಮೇಲೆ ಪದರ ಹಾಕಿ ಸಾಲು ಹೊಲಿಗೆಯಲ್ಲಿ ಬಿಗಿದ ಈ ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯ ಆಸ್ತಿ. ಮೈಗೆ ಮೆತ್ತಗೆ, ಅಗಲಕ್ಕೆ ಕೊರತೆಯಿಲ್ಲ. ಬನಶಂಕರಿ ಜಾತ್ರೆಯ ಬಂಡಿಯಲ್ಲಿ ಒಂದೇ ಕೌದಿಯಡಿ ಮೂರು ಮಕ್ಕಳು ಮಲಗುತ್ತಿದ್ದ ಕಾಲವಿತ್ತು. ಆದರೆ ಅದು ಹತ್ತಿ. ಇಬ್ಬನಿಯಲ್ಲಿ ತೊಯ್ದರೆ ಭಾರವಾಗುತ್ತದೆ, ತಣ್ಣಗಾಗುತ್ತದೆ, ಒಣಗಲು ದಿನವೆಲ್ಲ ಬೇಕು. ಸೂರಿನ ಕೆಳಗೆ ಕೌದಿ, ಬಯಲಿಗೆ ಕಂಬಳಿ ಎಂಬ ವಿಂಗಡಣೆ ಸುಮ್ಮನೆ ಹುಟ್ಟಿದ್ದಲ್ಲ.

ಮನೆಯಲ್ಲಿ ಕಂಬಳಿ ಇರುವವರು ಚೀಲದ ಜೊತೆ ಅದನ್ನೂ ಒಯ್ಯುವುದು ಜಾಣತನ. ಚೀಲದ ಮೇಲೆ ಹೊದೆಯುವುದು ಬೇಡ, ಭಾರಕ್ಕೆ ಒಳತುಂಬು ಕುಗ್ಗುತ್ತದೆ. ಕೆಳಗೆ ಹಾಸಬೇಕು. ಎರೆ ನೆಲದ ಬಿರುಕುಗಳಲ್ಲಿ ಚೇಳು, ಹಾವು ಇರುವುದುಂಟು. ಆದ್ದರಿಂದ ಬಿರುಕಿಲ್ಲದ ಜಾಗ ಹುಡುಕಿ, ಒಳಹೋಗುವ ಮುನ್ನ ಚೀಲ ಒದರಿ, ಖಾಲಿ ಇರುವಾಗ ಜಿಪ್ಪು ಹಾಕಿಡಬೇಕು. ಮಲಗುವ ಮುನ್ನ ಹೊಟ್ಟೆ ತುಂಬ ರೊಟ್ಟಿ ತಿಂದರೆ ಒಳ್ಳೆಯದು. ಹಸಿದ ಮೈಗೆ ಕಾವು ಹುಟ್ಟುವುದಿಲ್ಲ. ಇಲ್ಲದ ಕಾವನ್ನು ಯಾವ ಚೀಲವೂ ಹಿಡಿದಿಡಲಾರದು.

ಜಾಗದ ವಿಚಾರದಲ್ಲೂ ಎಚ್ಚರ ಬೇಕು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆಗಳ ನೆಲೆ ಅದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ರಾತ್ರಿ ತಂಗುವಂತಿಲ್ಲ. ಹೊಲದಲ್ಲಿ ಮಲಗುವವರು ಹೊಲದವರನ್ನು ಕೇಳಿಯೇ ಮಲಗಬೇಕು, ಬೆಳೆ ತುಳಿಯಬಾರದು.

ಕಂಬಳಿಯೇ ಸಿಗದಿದ್ದರೆ?

ಇಷ್ಟೆಲ್ಲ ಗುಣವಿರುವ ಕಂಬಳಿ ಈಗ ಕುರಿಗಾರನ ಹೆಗಲ ಮೇಲೂ ಅಪರೂಪವಾಗುತ್ತಿದೆ. ಮಾಂಸಕ್ಕೆ ಬೆಲೆ, ಉಣ್ಣೆಗೆ ಬೆಲೆಯಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆಂದು ಉಣ್ಣೆಯನ್ನು ಎಸೆಯುವ ಸ್ಥಿತಿ ಬಂದಿದೆ. ಹಿಂಡುಗಳಲ್ಲಿ ಡೆಕ್ಕನಿ ಕುರಿಯ ಜಾಗಕ್ಕೆ ಕೆಂಗುರಿ, ನೆಲ್ಲೂರು ಮುಂತಾದ ಉಣ್ಣೆಯಿಲ್ಲದ ತಳಿಗಳು ಬರುತ್ತಿವೆ. ನೂಲುವ ಹೆಂಗಸರು, ಕುಣಿಮಗ್ಗದ ನೇಕಾರರು ಕಡಿಮೆಯಾಗುತ್ತಿದ್ದಾರೆ. ಸಂತೆಯಲ್ಲಿ ಕಂಬಳಿ ಎಂದು ಮಾರುವುದೆಲ್ಲ ಕಂಬಳಿಯಲ್ಲ; ಹಳೆ ಬಟ್ಟೆ ಹಿಂಜಿ ನೇಯ್ದ ಪಾಣಿಪತ್ತಿನ ರಗ್ಗೂ ಅಲ್ಲಿರುತ್ತದೆ. ಪರೀಕ್ಷೆ ಸುಲಭ. ಒಂದು ಎಳೆ ಕಿತ್ತು ಸುಡಬೇಕು. ಕೂದಲು ಸುಟ್ಟ ವಾಸನೆ ಬಂದು, ಉರಿ ತಾನೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು.

ಸ್ಲೀಪಿಂಗ್ ಬ್ಯಾಗ್ ಬೆನ್ನಿಗೆ ಕಟ್ಟಿಕೊಂಡು ಹೋಗುವವರ ವಸ್ತು. ಹಗುರ, ಸಂದಿಲ್ಲದ್ದು, ದೂರದ ಚಳಿಗೆ ಅನಿವಾರ್ಯ. ಅದನ್ನು ಕೊಳ್ಳುವವರು ಅಳತೆ ನೋಡಿ, ಡಿಗ್ರಿ ನೋಡಿ, ಜಿಪ್ಪು ನೋಡಿ ಕೊಳ್ಳಲಿ. ಅದರ ಕೆಳಗೆ ಹಾಸಲು ಒಂದು ಕೈಮಗ್ಗದ ಕಂಬಳಿಯನ್ನೂ ಕೊಂಡರೆ ನೆಲದ ಥಂಡಿಯೂ ತಪ್ಪುತ್ತದೆ, ಎಲ್ಲೋ ಒಂದು ಮಗ್ಗಕ್ಕೆ ಕೆಲಸವೂ ಸಿಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದಂತೆ. ಅಲ್ಲಿಯವರೆಗೆ ಎರೆ ಹೊಲದಲ್ಲಿ ಕುರಿ ಕಾಯುವವನಿಗೆ ಏಳಲು ಬಿಡುವ, ಬೆಂಕಿಗೆ ಅಂಜದ, ಇಬ್ಬನಿಗೆ ಸೋಲದ ಹೊದಿಕೆ ಬೇಕೇ ಬೇಕು. ಅಂಥದ್ದನ್ನು ಇನ್ನೂ ಯಾವ ಕಾರ್ಖಾನೆಯೂ ಅವನಿಗಾಗಿ ಹೊಲಿದಿಲ್ಲ.